ಕೆಳಗೆ ಅಂದರೆ ಆಫ್

ಕಾರ್ಖಾನೆಯಲ್ಲಿ ಅವನಿಗೆ ಗೆರೆರಾಯ ಅಂತಲೇ ಹೆಸರು. ಇಸ್ತ್ರಿಪೆಟ್ಟಿಗೆ, ಮಿಕ್ಸಿ, ಫ್ಯಾನು, ಹೀಟರು, ಹೀಗೆ ಮನೆಬಳಕೆಯ ಸಾಮಾನೆಲ್ಲ ಅಲ್ಲಿ ತಯಾರಾಗುತ್ತಿತ್ತು. ಅವುಗಳ ರೂಪ ಗೊತ್ತುಮಾಡುವುದು ಅವನ ಕೆಲಸ. ಅವನು ಸೇರಿದಾಗ ಒಂದು ಏರಿಗೆಳೆದರೆ ಇನ್ನೊಂದು ನೀರಿಗೆಳೆಯುತ್ತಿತ್ತು. ಹನ್ನೊಂದು ವರ್ಷ ಗುದ್ದಾಡಿ, ಎಲ್ಲವೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವು ಅನ್ನಿಸುವ ಹಾಗೆ ಮಾಡಿದ: ಅದೇ ಬೂದು ಬಣ್ಣ, ಅದೇ ದುಂಡು ಮೂಲೆ, ತಿರುಗಿಸುವ ಪ್ರತಿ ನಾಬಿನ ಮೇಲೂ ಬೆರಳಿಗೆ ಸಿಗುವ ಉಬ್ಬು ಗೆರೆ. ಗೆರೆ ಕೆಳಗೆ ಬಂದರೆ ಆಫ್. ಆ ಮಾತಿಗೆ ಎರಡಿಲ್ಲ. ಹೆಂಡತಿ ಹಾಕಿದ ಗೆರೆ ದಾಟಿದರೂ ಇವನ ಗೆರೆ ದಾಟಬಾರದಪ್ಪಾ ಎಂದು ಫಿಟ್ಟರುಗಳು ನಗುತ್ತಿದ್ದರು.

ಆ ಗೆರೆ ಹುಟ್ಟಿದ್ದೇ ಅಕ್ಕನಿಂದ. ತಾಯಿ ಹೋದ ಮೇಲೆ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳು. ನಲವತ್ತು ದಾಟುತ್ತಲೇ ಅವಳ ಕಣ್ಣು ಮಂಜಾಯಿತು. "ನನ್ ತಮ್ಮ ಮಾಡಿದ್ದಕ್ಕೆ ಕನ್ನಡಕ ಬೇಡ, ಬೆರಳು ಸಾಕು" ಎಂದು ಬಂದವರ ಮುಂದೆಲ್ಲ ಜಂಬ ಕೊಚ್ಚುತ್ತಿದ್ದಳು.

ಕೊನೆಗೆ ಬಂದದ್ದು ಗ್ಯಾಸ್ ಒಲೆ. ಅದರ ವಾಲ್ವು ಹೊರಗಿನಿಂದ ತರಿಸಿದ್ದು. ಪಕ್ಕಕ್ಕೆ ತಿರುಗಿಸಿದರೆ ಆಫ್, ಕೆಳಕ್ಕೆ ತಿರುಗಿಸಿದರೆ ಸಣ್ಣ ಉರಿ. ಬೇರೆ ವಾಲ್ವಿಗೆ ನಾಲ್ಕು ತಿಂಗಳು ಕಾಯಬೇಕಿತ್ತು.

"ನೋಡೋಕೆ ಒಂದೇ ಥರ ಇದ್ರೆ ಸಾಕು ಕಣಯ್ಯ. ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಬರೆದ್ಬಿಡು" ಎಂದರು ಮ್ಯಾನೇಜರು.

ಆಗುವುದಿಲ್ಲ ಎಂದು ಅವನು ಎರಡು ದಿನ ಪಟ್ಟು ಹಿಡಿದ. ಮೂರನೆಯ ದಿನ ಸಾಕಾಗಿ ಸಹಿ ಹಾಕಿದ.

ಅವನು ಕೆಲಸದ ಮೇಲೆ ಪರವೂರಿಗೆ ಹೋಗಿದ್ದಾಗ, ಅಕ್ಕ ಅಂಗಡಿಯಲ್ಲಿ ಸಾಲಾಗಿಟ್ಟ ಒಲೆಗಳನ್ನು ಮುಟ್ಟಿ ಮುಟ್ಟಿ ನೋಡಿ ಆ ಗೆರೆಯನ್ನು ಪತ್ತೆಹಚ್ಚಿದಳು. ತಮ್ಮನನ್ನು ಕೇಳುವುದೇನಿತ್ತು? ಅದನ್ನೇ ಕೊಂಡಳು. ವಾರ ಕಳೆಯುವ ಮೊದಲೇ ಒಂದು ಬೆಳಗ್ಗೆ ಹಾಲು ಕಾಯಿಸಿ, ಗೆರೆಯನ್ನು ಕೆಳಕ್ಕೆ ತಿರುಗಿಸಿ, ಬಟ್ಟೆ ಒಣಹಾಕಲು ಮಹಡಿಗೆ ಹೋದಳು. ಹಾಲು ಬತ್ತಿ ಪಾತ್ರೆ ಸೀದು, ಒಲೆಗೆ ತಾಗಿದ್ದ ಒರೆಸುವ ಬಟ್ಟೆಗೆ ಬೆಂಕಿ ಹತ್ತಿತು. ಅಲ್ಲಿಂದ ಕಿಟಕಿಯ ಪರದೆಗೆ. ವಾಸನೆಗೆ ಓಡಿಬಂದವಳು ಆರಿಸಲು ಹೋಗಿ ಕೈ, ಎದೆ ಸುಟ್ಟುಕೊಂಡಳು.

ಸುದ್ದಿ ಕೇಳಿ ಅವನು ಆಸ್ಪತ್ರೆಗೆ ಬಿದ್ದು ಎದ್ದು ಬಂದ.

"ನಂದೇ ಮರೆವು ಕಣೋ" ಎಂದಳು ಅಕ್ಕ. "ಕೆಳಕ್ಕೆ ತಿರುಗಿಸ್ದೆ ಅಂತ್ಲೇ ಅನ್ಕೊಂಡಿದ್ದೆ. ತಿರುಗಿಸೇ ಇಲ್ಲ ಅನ್ಸುತ್ತೆ. ನಿನ್ ಹೆಸರು ಕೆಡಿಸ್ಬಿಟ್ಟೆ."

"ಅಕ್ಕ, ಅದು ಹಾಗಲ್ಲ..." ಎನ್ನುವಷ್ಟರಲ್ಲಿ ನರ್ಸ್ ಬಂದು, ಬ್ಯಾಂಡೇಜು ಬದಲಾಯಿಸಬೇಕೆಂದು ಅವನನ್ನು ಹೊರಗೆ ಕಳಿಸಿದಳು. ಸಂಜೆ ಹೇಳಿದರಾಯಿತು ಅಂದುಕೊಂಡ. ಮಧ್ಯಾಹ್ನ ಜ್ವರ ಏರಿತು. ಆಮೇಲೆ ಅಕ್ಕ ಕಣ್ಣು ಬಿಡಲಿಲ್ಲ.

ಮಾರಿದ ಒಲೆಗಳನ್ನೆಲ್ಲ ವಾಪಸು ತರಿಸುವವರೆಗೂ ಅವನು ಮ್ಯಾನೇಜರ ಬಾಗಿಲು ಬಿಡಲಿಲ್ಲ. ಅದಾದ ಮೇಲೆ ಭಾವನ ಮನೆಗೆ ಹೋಗಿ, ಒಂದನ್ನೂ ಮುಚ್ಚಿಡದೆ ಹೇಳಿದ. ಬೈಗುಳಕ್ಕೆ, ಏಟಿಗೆ ಸಿದ್ಧವಾಗಿಯೇ ಹೋಗಿದ್ದ.

ಭಾವ ಕೇಳಿದ್ದು ಒಂದೇ ಮಾತು.

"ಹಂಗಾದ್ರೆ ಅವಳು ಸರಿಯಾಗೇ ತಿರುಗಿಸಿದ್ಲಾ?"

"ಹೂಂ ಭಾವ."

"ಆಸ್ಪತ್ರೆಗೆ ಹೋಗೋ ದಾರೀಲಿ ನಾನು ಬೈದೆ ಕಣೋ. ಕಣ್ಣು ಕಾಣಲ್ಲ, ಒಲೆ ಹತ್ರ ಸಾಯೋಕೆ ಯಾಕ್ ಹೋಗ್ತೀಯ ಅಂತ. ತಪ್ಪಾಯ್ತು ರೀ, ತಪ್ಪಾಯ್ತು ಅಂತಾನೇ ಇದ್ಲು."

ಭಾವ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಅವರ ಹೆಗಲ ಮೇಲೆ ಕೈ ಇಡಲು ಗೆರೆರಾಯನಿಗೆ ಧೈರ್ಯ ಬರಲಿಲ್ಲ.