ಎಡಗೈಯಿಂದ ಲಿಂಗ ಜಾರಿದ ಬೆಳಿಗ್ಗೆ

ಮೊದಲು ಜಾರಿದ್ದು ಲಿಂಗ. ಕೈ ಹೋಗಿದೆ ಎಂದು ತಿಳಿದದ್ದು ಆಮೇಲೆ.

ಬೆಳಿಗ್ಗೆ ಆರೂವರೆ. ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು, ಬಸವೇಶ್ವರನಗರದ ನಮ್ಮ ಮನೆಯ ಪೂಜೆ ಮೂಲೆಯಲ್ಲಿ ಮಣೆ ಹಾಕಿಕೊಂಡು ಕೂತಿದ್ದೆ. ಕತ್ತಿನಲ್ಲಿದ್ದ ಬೆಳ್ಳಿ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡ ಅಂಗೈ ಮೇಲಿಟ್ಟುಕೊಂಡೆ. ಎಂಟನೇ ವಯಸ್ಸಿನಲ್ಲಿ ದೀಕ್ಷೆಯಾದಾಗಿನಿಂದ, ಜ್ವರವಿರಲಿ, ಅಂಗಡಿಯಲ್ಲಿ ಹಬ್ಬದ ರಶ್ ಇರಲಿ, ತಪ್ಪಿಸದೆ ಮಾಡಿಕೊಂಡು ಬಂದ ಕೆಲಸ. ಬಲಗೈಯಲ್ಲಿ ನೀರಿನ ಗಿಂಡಿ ಎತ್ತಿದೆ. ಅಷ್ಟರಲ್ಲಿ ಎಡ ಅಂಗೈ ತಾನಾಗಿಯೇ ವಾಲಿತು. ಲಿಂಗ ಮಣೆಗೆ ಬಡಿದು, ನೆಲದ ಮೇಲೆ ಉರುಳಿ, ಗೋಡೆಯ ಹತ್ತಿರ ಹೋಗಿ ನಿಂತಿತು.

ಲಿಂಗ ಬಿತ್ತು.

ಈ ಎರಡು ಪದಕ್ಕೆ ನಮ್ಮ ಮನೆಗಳಲ್ಲಿ ಎಷ್ಟು ಭಾರವಿದೆ ಎಂದು ಹೊರಗಿನವರಿಗೆ ಹೇಳಬೇಕು. ಇದು ದೀಪ ಆರಿದ ಹಾಗಲ್ಲ, ತೆಂಗಿನಕಾಯಿ ಕೆಟ್ಟಿದ್ದ ಹಾಗೂ ಅಲ್ಲ. ಮೈಯಿಂದ ಪ್ರಾಣವೇ ಜಾರಿದ ಹಾಗೆ. ಹಿಂದಿನವರು ಇದಕ್ಕೆ ಜೀವ ಬಿಡುತ್ತಿದ್ದರು ಎಂದು ಅಜ್ಜಿ ಹೇಳುತ್ತಿದ್ದಳು. ಹಾಗಾಗಿ ನನ್ನ ಗಂಡ ಮಹದೇವಪ್ಪ ಓಡಿ ಬಂದಾಗ ಅವರು ನೋಡಿದ್ದು ನೆಲದ ಮೇಲಿನ ಲಿಂಗವನ್ನು. ನನ್ನ ಕೈಯನ್ನಲ್ಲ.

"ಏನೇ ಮಾಡ್ದೆ?"

"ಕೈ ಜಾರ್ತು ರೀ" ಎಂದೆ. ನನ್ನ ಬಾಯಿಂದ ಅದು ಕಲಸಿದ ಹಿಟ್ಟಿನ ಹಾಗೆ ಬಂತಂತೆ. ಹೆದರಿದ್ದಾಳೆ, ಅದಕ್ಕೇ ತೊದಲುತ್ತಿದ್ದಾಳೆ ಎಂದುಕೊಂಡರು.

ಮಹಡಿಯ ಮನೆಯಿಂದ ನಾದಿನಿ ಗಿರಿಜಾ ಇಳಿದು ಬಂದಳು. "ಅಯ್ಯೋ ಶಿವನೇ, ಅತ್ತಿಗೆ! ಊರಿನ ಅಯ್ಯನವರಿಗೆ ಫೋನ್ ಮಾಡಿ ಪ್ರಾಯಶ್ಚಿತ್ತ ಕೇಳೋವರೆಗೂ ತೊಟ್ಟು ನೀರೂ ಕುಡೀಬೇಡಿ. ತಲೆಗೆ ನೀರು ಹಾಕ್ಕೊಂಡು ಒದ್ದೆ ಸೀರೇಲೇ ಕೂತ್ಕೊಳ್ಳಿ."

ಕೂತೆ. ನಾನೇ ಕೂತೆ, ಯಾರೂ ಕಟ್ಟಿಹಾಕಲಿಲ್ಲ. ಎಡಗೈ ಎತ್ತಲು ಆಗುತ್ತಿರಲಿಲ್ಲ. ಭಯಕ್ಕೆ ಮರಗಟ್ಟಿದೆ ಎಂದುಕೊಂಡೆ. ಮಹದೇವಪ್ಪ ಬಿದ್ದ ಲಿಂಗವನ್ನು ಎತ್ತಿ ನನ್ನ ಕತ್ತಿನ ಕರಡಿಗೆಗೆ ಹಾಕಿ, ಅಯ್ಯನವರಿಗೆ ಫೋನ್ ಹಚ್ಚುತ್ತಲೇ ಇದ್ದರು. ಅಯ್ಯನವರು ಪೂಜೆಯಲ್ಲಿದ್ದರು, ಆಮೇಲೆ ಯಾರದೋ ಮನೆಯ ಗೃಹಪ್ರವೇಶದಲ್ಲಿದ್ದರು. ಫೋನ್ ಎತ್ತಿದಾಗ ಹತ್ತೂಕಾಲು. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸಿತು.

"ಲಿಂಗ ಬಿದ್ದದ್ದು ಇರಲಿ ಮಹದೇವಪ್ಪ. ಕೈಗೇನಾಯ್ತು?"

"ಜಾರ್ತಂತೆ ಅಯ್ಯನವರೇ" ಎಂದರು ಇವರು.

"ಲಿಂಗ ತಾನಾಗೇ ಬೀಳಲ್ಲಪ್ಪ. ಕೈ ಬಿಟ್ಟಿರಬೇಕು. ಮೊದ್ಲು ಆಸ್ಪತ್ರೆಗೆ ನಡೀರಿ!"

ಯಾರ ಹತ್ತಿರ ತಪ್ಪುಕಾಣಿಕೆ ಕೇಳಲು ಮೂರೂಮುಕ್ಕಾಲು ಗಂಟೆ ಕಾದೆವೋ, ಕೈಯ ಬಗ್ಗೆ ಕೇಳಿದವರು ಅವರೊಬ್ಬರೇ.

ಎಮರ್ಜೆನ್ಸಿಯಲ್ಲಿ ಡ್ಯೂಟಿ ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. "ಕೊನೇ ಸಲ ಯಾವಾಗ ನಾರ್ಮಲ್ ಆಗಿದ್ರು?" ಎಂದು ಕೇಳಿದಳು. ಆರೂವರೆ ಎಂದರು ಇವರು. ಅವಳು ಗೋಡೆಯ ಗಡಿಯಾರ ನೋಡಿದಳು. ಹನ್ನೊಂದು ಇಪ್ಪತ್ತು.

"ಸ್ಟ್ರೋಕ್ ಆಗಿದೆ. ಕ್ಲಾಟ್ ಕರಗಿಸೋ ಇಂಜೆಕ್ಷನ್‌ಗೆ ನಾಲ್ಕೂವರೆ ಗಂಟೆ ಟೈಮ್ ಇರುತ್ತೆ ಸಾರ್. ಯಾಕಿಷ್ಟು ಲೇಟ್ ಮಾಡಿದ್ರಿ?"

"ಕಾರ್ಡ್ ರೋಡಲ್ಲಿ ಟ್ರಾಫಿಕ್ಕು ಮೇಡಂ" ಎಂದರು ನನ್ನ ಗಂಡ.

ನನ್ನ ಬಾಯಿ ಸೊಟ್ಟಗಾಗಿತ್ತು. ಇಲ್ಲದಿದ್ದರೆ ಅಲ್ಲೇ ಅವರ ಮಾನ ಕಳೆಯುತ್ತಿದ್ದೆ.

ಇಪ್ಪತ್ತು ನಿಮಿಷಕ್ಕೆ ಇಂಜೆಕ್ಷನ್ ತಪ್ಪಿತು.

ಸಿ.ಟಿ. ಆಯಿತು. ಎಂ.ಆರ್.ಐ. ಕೋಣೆಯ ಬಾಗಿಲಲ್ಲಿ ಟೆಕ್ನಿಷಿಯನ್ ತಡೆದ. "ಆಂಟಿ, ಒಳಗೆ ಮೆಟಲ್ ಇರೋ ಹಾಗಿಲ್ಲ, ಕತ್ತಲ್ಲಿರೋದನ್ನ ತೆಗೀಬೇಕು." ದೀಕ್ಷೆಯಾದ ಮೇಲೆ ಮೈಯಿಂದ ಒಂದು ದಿನವೂ ದೂರ ಮಾಡದ ಕರಡಿಗೆ, ಮಾಂಗಲ್ಯ, ಬಳೆ, ಹೇರ್‌ಪಿನ್ ಎಲ್ಲವೂ ಒಂದೇ ಪ್ಲಾಸ್ಟಿಕ್ ಕವರಿಗೆ ಹೋದವು. ದೇವರೂ ಹೇರ್‌ಪಿನ್ನೂ ಒಟ್ಟಿಗೆ. ಆ ಯಂತ್ರದ ಬಿಲದೊಳಗೆ ಡಬಡಬ ಸದ್ದಿನಲ್ಲಿ ಮಲಗಿದ್ದಾಗ ನನಗೆ ಬಂದದ್ದು ಭಯವಲ್ಲ, ಭಕ್ತಿಯೂ ಅಲ್ಲ. ಸಿಟ್ಟು.

ಬೇರೆಯವರ ದೇವರು ಬೆಟ್ಟದ ಮೇಲಿರುತ್ತಾನೆ, ಗರ್ಭಗುಡಿಯ ಕತ್ತಲಲ್ಲಿರುತ್ತಾನೆ. ಅವರಿಗೆ ಕೂಗು ಕೇಳಿಸದಿದ್ದರೆ ದೂರವಾಯಿತು, ಪಾಪ, ಎನ್ನಬಹುದು. ನನ್ನವನು ನನ್ನ ಅಂಗೈಯಲ್ಲಿದ್ದ. ಕಣ್ಣಿಗೆ ಒಂದು ಮೊಳ ದೂರದಲ್ಲಿ. ಕೈಯ ನರ ಸಾಯುತ್ತಿರುವುದು ಅವನಿಗಿಂತ ಹತ್ತಿರದಿಂದ ಯಾರಿಗೆ ಗೊತ್ತಾಗಬೇಕಿತ್ತು? ನಲವತ್ತಾರು ವರ್ಷ ಹೊತ್ತುಕೊಂಡು ಓಡಾಡಿದ್ದೇನೆ. ಒಂದು ಮಾತು ಹೇಳಬಾರದಿತ್ತೇ?

ನಾನು ವ್ಯಾಪಾರ ಮಾಡಿ ಬದುಕು ಕಟ್ಟಿಕೊಂಡವಳು. ಸ್ಕೂಟಿಯ ಮೇಲೆ ಮೂಟೆ ಕಟ್ಟಿಕೊಂಡು ಮನೆ ಮನೆಗೆ ನೈಟಿ ಮಾರಿ, ಕೊನೆಗೆ ವಿಜಯನಗರದಲ್ಲಿ ಸ್ವಂತ ಅಂಗಡಿ ತೆರೆದವಳು. ಹೋಲ್‌ಸೇಲ್‌ನವರು ನನ್ನ ಫೋನ್ ನಂಬರ್ ಕಂಡರೆ ನಿಟ್ಟುಸಿರು ಬಿಡುತ್ತಾರೆ. ಚೌಕಾಸಿ ಬಿಟ್ಟು ನನಗೆ ಬೇರೆ ಪ್ರಾರ್ಥನೆ ಗೊತ್ತಿಲ್ಲ. ವಾರ್ಡಿನಲ್ಲಿ ಮಲಗಿ ಶುರು ಮಾಡಿದೆ. ಪೂರ್ತಿ ಕೈ ಕೊಡು, ಬರಿಗಾಲಲ್ಲಿ ಬೆಟ್ಟ ಹತ್ತುತ್ತೇನೆ. ಉತ್ತರವಿಲ್ಲ. ಸರಿ, ಮಣಿಕಟ್ಟಿನವರೆಗೆ ಕೊಡು, ಕಾಫಿ ಬಿಡುತ್ತೇನೆ. ಇಲ್ಲ. ಹೆಬ್ಬೆರಳು ಮತ್ತು ಎರಡು ಬೆರಳು? ಇಳಿಯುತ್ತಾ ಇಳಿಯುತ್ತಾ ಕಿರುಬೆರಳಿಗೆ ಬಂದು ನಿಂತೆ. ಎಂಥ ಜಿಪುಣ ಗಿರಾಕಿಯಾದರೂ 'ಬೇಡ ಕಣಮ್ಮ' ಎಂದಾದರೂ ಹೇಳುತ್ತಾನೆ. ಇವನು ಅದೂ ಇಲ್ಲ.

ಡಿಸ್ಚಾರ್ಜ್ ಆಗಿ ಮನೆಗೆ ಬಂದ ಮೇಲೆ ನೋಡಲು ಬಂದವರಿಗೆಲ್ಲ ಗಿರಿಜಾ ಒಂದೇ ಕಥೆ ಹೇಳತೊಡಗಿದಳು. "ಲಿಂಗ ಬಿತ್ತು ನೋಡಿ, ಅದಕ್ಕೇ ಹಿಂಗಾಯ್ತು. ಏನು ಕರ್ಮವೋ ಏನೋ." ಮೂರನೇ ದಿನ ನನಗೆ ತಡೆಯಲಾಗಲಿಲ್ಲ. ಅರ್ಧ ಬಾಯಿಯಲ್ಲೇ ಬೈದೆ.

"ಉಲ್ಟಾ ಹೇಳ್ಬೇಡ ಕಣೇ. ಸ್ಟ್ರೋಕ್ ಆಯ್ತು, ಅದಕ್ಕೆ ಲಿಂಗ ಬಿತ್ತು. ನಿನ್ ಮಾತು ಕೇಳಿ ಒದ್ದೆ ಸೀರೇಲಿ ಕೂತೆ, ಅದಕ್ಕೆ ಕೈ ಹೋಯ್ತು!"

ಅವಳು ಅತ್ತಳು. ಅಳಲಿ ಎಂದುಕೊಂಡೆ. ಆದರೆ ರಾಗಿ ಗಂಜಿ ಮಾಡಿಕೊಂಡು ಬರುವುದನ್ನು ಅವಳು ಒಂದು ದಿನವೂ ನಿಲ್ಲಿಸಲಿಲ್ಲ. ಅದನ್ನೂ ಬರೆಯಬೇಕು.

ಅಯ್ಯನವರು ಮನೆಗೇ ಬಂದು, ಲಿಂಗವನ್ನು ಶುದ್ಧಿ ಮಾಡಿ ಕತ್ತಿಗೆ ಕಟ್ಟಿದರು. ಬಲಗೈಯಲ್ಲೇ ಇಟ್ಟುಕೊಂಡು ಪೂಜೆ ಮಾಡು ತಾಯಿ, ದೋಷವಿಲ್ಲ ಎಂದರು. ಆಗಲ್ಲ ಎಂದೆ. ಕೊಟ್ಟ ಜಾಗ ಎಡಗೈ. ಆ ಜಾಗ ಅವನೇ ಸರಿ ಮಾಡಿಕೊಡಲಿ, ಕೂರಿಸುತ್ತೇನೆ. ಅವರು ನಕ್ಕರು. ಹೀಗೆ ತಿಂಗಳುಗಟ್ಟಲೆ ಲಿಂಗ ಕತ್ತಿನಲ್ಲಿತ್ತು, ಕರಡಿಗೆ ತೆರೆಯಲಿಲ್ಲ. ಮಾತು ಬಿಟ್ಟ ಗಂಡ ಹೆಂಡತಿ ಒಂದೇ ಮನೆಯಲ್ಲಿ ಇರುವುದಿಲ್ಲವೇ, ಹಾಗೆ.

ಫಿಸಿಯೋಥೆರಪಿ ಕ್ಲಿನಿಕ್ ಅತ್ತಿಗುಪ್ಪೆಯಲ್ಲಿ, ಒಂದು ಬೇಕರಿಯ ಮೇಲೆ. ಅಲ್ಲಿ ಶಬಾನಾ ಎಂಬ ಹುಡುಗಿ ನನ್ನನ್ನು ಹಿಂಡಿ ಹಾಕಿದಳು. ಒಂದು ವಿಷಯ ನನಗೂ ಗೊತ್ತಿರಲಿಲ್ಲ: ಹೋದ ಕೈ ಜೋತು ಬಿದ್ದುಕೊಂಡೇ ಇರುವುದಿಲ್ಲ, ದಿನ ಕಳೆದಂತೆ ಮುಷ್ಟಿ ಕಟ್ಟುತ್ತದೆ. ಹಿಡಿಯುವುದು ಮೊದಲು ಬರುತ್ತದೆ. ಬಿಡಿಸುವುದೇ ಕಷ್ಟ.

"ಆಂಟಿ, ಬೆರಳು ಬಿಡಿಸಿ. ಇಪ್ಪತ್ತು ಸಲ."

"ಹನ್ನೆರಡಕ್ಕೆ ಮುಗಿಸಮ್ಮ."

"ಇಲ್ಲಿ ಫಿಕ್ಸೆಡ್ ರೇಟ್ ಆಂಟಿ. ಚೌಕಾಸಿ ನಿಮ್ ಅಂಗಡೀಲಿ ಇಟ್ಕೊಳ್ಳಿ."

ಒಂದು ದಿನ ಅವಳು ಕೇಳಿದಳು: "ಈ ಕೈಯಲ್ಲಿ ನಿಮಗೆ ಏನು ಮಾಡ್ಬೇಕು ಅಂತ ಆಸೆ? ಅದನ್ನೇ ಎಕ್ಸರ್‌ಸೈಜ್ ಮಾಡೋಣ." ಬಟ್ಟೆ ಮಡಿಸಬೇಕು, ಸ್ಕೂಟಿ ಓಡಿಸಬೇಕು ಎಂದೆಲ್ಲ ಹೇಳಿ, ಕೊನೆಗೆ ಬಾಯಿ ತಪ್ಪಿ ಲಿಂಗದ ವಿಷಯ ಹೇಳಿಬಿಟ್ಟೆ. ಅವಳು ನಗಲಿಲ್ಲ. "ಅಂದ್ರೆ ಅಂಗೈ ಮೇಲಕ್ಕೆ ಇರ್ಬೇಕು. ಫ್ಲಾಟಾಗಿ. ಅಲ್ಲಾಡಬಾರದು. ಇದು ಕಷ್ಟದ್ದು ಆಂಟಿ" ಎಂದು, ಮಾರನೇ ದಿನ ಒಂದು ನಿಂಬೆಹಣ್ಣು ತಂದು ಅಂಗೈ ಮೇಲಿಟ್ಟಳು. ಅದು ಉರುಳಿತು. ಎತ್ತಿ ಇಟ್ಟಳು. ಉರುಳಿತು. ಆ ತಿಂಗಳು ನಿಂಬೆಹಣ್ಣು ಎಷ್ಟು ಸಲ ಉರುಳಿತೋ, ಅಷ್ಟೂ ಸಲ ಅವಳು ಬಗ್ಗಿದಳು. ತಾನು ನಮಾಜ್ ಮಾಡುವಾಗ ನನ್ನ ಬೆರಳ ಹೆಸರು ಹೇಳುತ್ತೇನೆಂದು ಒಮ್ಮೆ ಅಂದಳು. "ನಿನ್ನವನಾದ್ರೂ ಉತ್ತರ ಕೊಡ್ತಾನಾ?" ಎಂದು ಕುಟುಕಿದೆ.

"ಇಲ್ಲ ಆಂಟಿ. ಆದ್ರೆ ಎದ್ದೂ ಹೋಗಲ್ಲ."

ಆ ಮಾತು ನನ್ನ ವ್ಯಾಪಾರದ ಬುದ್ಧಿಗೆ ತಾಗಿತು. ಅಂಗಡಿಯಲ್ಲಿ ಕೂತು ಕೂತು ನಾನು ಕಲಿತದ್ದು ಇದೇ ತಾನೆ: ಬಾಯಿ ಬಡಿಯುವ ಗಿರಾಕಿ ಮೆಟ್ಟಿಲಿಳಿದು ಹೋಗುತ್ತಾನೆ, ಮಾತಾಡದೆ ನಿಂತವನನ್ನು ಹೋದನೆಂದು ಲೆಕ್ಕ ಹಾಕಬಾರದು, ಅವನಿನ್ನೂ ನಿಂತಿದ್ದಾನೆ. ನನ್ನವನು ನಿಂತಿದ್ದಾನೋ ಇಲ್ಲವೋ ಪ್ರಮಾಣ ಮಾಡಿ ಹೇಳಲಾರೆ. ಕತ್ತಿನಲ್ಲಂತೂ ಭಾರವಿತ್ತು. 'ಅಂದು ಬಿದ್ದು ಎಚ್ಚರಿಸಿದವನೇ ಅವನು, ನೀವು ಅರ್ಥ ಮಾಡಿಕೊಳ್ಳಲಿಲ್ಲ' ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಅಷ್ಟು ಅಗ್ಗದ ಸಮಾಧಾನ ನನಗೆ ಬೇಡ. ಎಚ್ಚರಿಸುವವನು ನಮಗೆ ಅರ್ಥವಾಗುವ ಭಾಷೆಯಲ್ಲಿ ಎಚ್ಚರಿಸಬೇಕಿತ್ತು. ಈ ತಕರಾರು ನಾನು ಸಾಯುವವರೆಗೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಆದರೆ ತಕರಾರು ಮಾಡಲಾದರೂ ಎದುರಿಗೆ ಒಬ್ಬ ಇರಬೇಕಲ್ಲ.

ಓದುವವರಿಗೆ ನನ್ನದೊಂದು ಮಾತು, ಪುಕ್ಕಟೆ: ಕೈಯಿಂದ ಲಿಂಗವಾಗಲಿ, ಲೋಟವಾಗಲಿ, ಮೊಬೈಲಾಗಲಿ ಬಿದ್ದರೆ ಬಿದ್ದದ್ದನ್ನು ನೋಡಬೇಡಿ, ಕೈ ನೋಡಿ. ಎರಡೂ ಕೈ ಮೇಲೆತ್ತಿಸಿ. ನಗಲು ಹೇಳಿ. ಒಂದು ವಾಕ್ಯ ಆಡಿಸಿ. ಯಾವುದು ಸೊಟ್ಟಗಾದರೂ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಓಡಿ. ಪ್ರಾಯಶ್ಚಿತ್ತಕ್ಕೆ ಟೈಮ್ ಲಿಮಿಟ್ ಇಲ್ಲ, ಇಂಜೆಕ್ಷನ್ನಿಗಿದೆ.

ಸ್ಟ್ರೋಕ್ ಆಗಿ ಒಂಬತ್ತನೇ ತಿಂಗಳು. ಕಳೆದ ಸೋಮವಾರ ಯಾರಿಗೂ ಹೇಳದೆ ಸ್ನಾನ ಮಾಡಿ, ಮಣೆಯ ಬದಲು ಕುರ್ಚಿಯಲ್ಲಿ ಕೂತು, ತೊಡೆಯ ಮೇಲೆ ದಿಂಬು ಇಟ್ಟುಕೊಂಡೆ. ಬಲಗೈಯಿಂದ ಎಡಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಕಿರುಬೆರಳು ಈಗಲೂ ಕೊಕ್ಕೆಯ ಹಾಗೆಯೇ ಇದೆ. ಕರಡಿಗೆ ತೆರೆದು ಲಿಂಗ ಇಟ್ಟೆ. ಅಂಗೈ ನಡುಗಿತು. ಲಿಂಗ ಹೆಬ್ಬೆರಳ ಕಡೆ ವಾಲಿ, ನಿಂತಿತು. ಕೆಳಗೆ ಬಲಗೈ ಒಡ್ಡಿಕೊಂಡೇ ಇದ್ದೆ.

ದನಿಯಿಲ್ಲ. ಬೆಳಕಿಲ್ಲ. ನಾನೂ ಅಂದು ಏನೂ ಕೇಳಲಿಲ್ಲ.

ಬಾಗಿಲ ಹತ್ತಿರ ಮಹದೇವಪ್ಪ ನಿಂತಿದ್ದರು. ಯಾವಾಗ ಬಂದರೋ ತಿಳಿಯಲಿಲ್ಲ.

"ಮತ್ತೆ ಬಿದ್ರೆ?"

"ಬಿದ್ರೆ ಆಸ್ಪತ್ರೆ. ಅಯ್ಯನವರಿಗೆ ದಾರೀಲಿ ಫೋನ್ ಮಾಡಿ."

ಅವರು ಒಳಗೆ ಹೋಗಿ ಸ್ಕೂಟರಿನ ಕೀ ತಂದು, ಮುಷ್ಟಿಯಲ್ಲಿ ಹಿಡಿದುಕೊಂಡು, ನನ್ನ ಎದುರಿಗೆ ನೆಲದ ಮೇಲೆ ಕೂತರು. ಪೂಜೆ ಮುಗಿಯುವವರೆಗೂ ಕಣ್ಣು ತೆಗೆಯಲಿಲ್ಲ. ಈ ಸಲ ಅವರು ನೋಡುತ್ತಿದ್ದದ್ದು ನನ್ನ ಕೈಯನ್ನು.