ವಾಸನೆಯಿಲ್ಲದ ಕಾರು

ರಿಪ್ಪನ್‌ಪೇಟೆಯ ಹೋಟೆಲೊಂದರ ಮುಂದೆ ಗಾಬರಿಯಿಂದಲೇ ಕಾರು ನಿಲ್ಲಿಸಿದೆ. ಹಿಂದಿನ ಸೀಟಿನಲ್ಲಿದ್ದ ನನ್ನ ಸೋದರತ್ತೆ ಬಹಳ ಹೊತ್ತಿನಿಂದ ಮಾತಾಡಿರಲಿಲ್ಲ. ಡೀಸೆಲ್ ವಾಸನೆ ಮೂಗಿಗೆ ಬಡಿದರೆ ಸಾಕು, ಅವರಿಗೆ ವಾಂತಿ. ಆ ಭಯಕ್ಕೇ ಅತ್ತೆ ಸಾಗರದಲ್ಲಿರುವ ತಂಗಿಯ ಮನೆಗೆ ಆರು ವರ್ಷದಿಂದ ಹೋಗಿರಲಿಲ್ಲ. ನಾನು ಎಲೆಕ್ಟ್ರಿಕ್ ಕಾರು ಕೊಂಡ ಮೇಲೆ ಹೇಗೋ ಒಪ್ಪಿಸಿ, ಇವತ್ತು ತೀರ್ಥಹಳ್ಳಿಯಿಂದ ಹೊರಡಿಸಿದ್ದೆ.

“ಅತ್ತೆ, ಹೊಟ್ಟೆ ತೊಳಸ್ತಿದ್ಯಾ? ಇಳೀತೀರಾ?”

ಅತ್ತೆ ಕಣ್ಣುಜ್ಜಿಕೊಂಡರು. “ಎಂತದೂ ಇಲ್ಲ ಮಾರಾಯ. ವಾಸ್ನೆನೂ ಇಲ್ಲ, ಗಡಗಡ ಸದ್ದೂ ಇಲ್ಲ. ಒಳ್ಳೆ ನಿದ್ದೆ ಬಂದಿತ್ತು. ಈಗ ಹಸಿವಾಗ್ತಿದೆ.”

ಪ್ರಯಾಣದಲ್ಲಿ ಎಂದೂ ನೀರನ್ನೂ ಮುಟ್ಟದ ಅತ್ತೆ ಒಂದು ಪ್ಲೇಟು ಬಿಸಿ ಬನ್ಸ್ ಮುಗಿಸಿ ಇನ್ನೊಂದು ಹೇಳಿದರು. ಆಮೇಲೆ ತಂಗಿಗೆ ಫೋನ್ ಮಾಡಿ, “ರಿಪ್ಪನ್‌ಪೇಟೇಲಿ ಕೂತು ಬನ್ಸ್ ತಿಂತಿದೀನಿ ಕಣೇ” ಎಂದರು.

ಸ್ಪೀಕರಿನಲ್ಲಿ ತಂಗಿಯ ನಗು ಕೇಳಿಸಿತು. “ಸುಳ್ಳು ಹೇಳ್ಬೇಡ ಅಕ್ಕಾ, ನೀನು ಮನೇಲೇ ಇದೀಯ.”

ಅತ್ತೆ ಎದ್ದು ಹೋಗಿ ಫೋನನ್ನು ಹೋಟೆಲಿನ ಮಾಲೀಕರ ಕೈಗೇ ಕೊಟ್ಟರು. “ನಾನೆಲ್ಲಿದೀನಿ ಅಂತ ನೀವೇ ಹೇಳಿ.”

“ಹೌದಮ್ಮ, ಇಲ್ಲೇ ಇದಾರೆ,” ಎಂದರು ಮಾಲೀಕರು. “ಎರಡನೇ ಪ್ಲೇಟು ನಡೀತಿದೆ.”

ಆ ಕಡೆ ತಂಗಿ ಮನೆಯವರನ್ನು ಕೂಗಿದ್ದು ಇಡೀ ಹೋಟೆಲಿಗೆ ಕೇಳಿಸಿತು: “ಅಕ್ಕ ಬರ್ತಿದಾಳೆ, ಬೇಗ ಅನ್ನಕ್ಕಿಡಿ!”