ಆರಿದ ಕಂದೀಲು

ಕಂದೀಲು ಇಳಿಬಿಡದೆ ನಿಂಗಪ್ಪ ಯಾವ ಹಗೇವಿಗೂ ಇಳಿದವನಲ್ಲ. ಜೋಳ ತುಂಬಿಟ್ಟ ನೆಲದಡಿಯ ಆ ಕಣಜದ ಬಾಯಿ ತೆರೆದು, ಒಂದು ಹಗಲು ಹಾಗೇ ಬಿಟ್ಟು, ಆಮೇಲೆ ಹಗ್ಗಕ್ಕೆ ಕಟ್ಟಿದ ಕಂದೀಲನ್ನು ಒಳಗೆ ಇಳಿಸಿ ನೋಡುತ್ತಾ ಕೂತಿರುತ್ತಿದ್ದ. ಅವಸರ ಮಾಡಿದವರಿಗೆ, "ಒಳಗ ವಿಷಗಾಳಿ ಐತ್ರಿ. ದೀಪ ಬದುಕಿದ್ರ ನಾ ಬದುಕ್ತೇನಿ" ಎನ್ನುತ್ತಿದ್ದ. ಹಂಸಭಾವಿ ಸುತ್ತಿನವರ ಜೋಳವನ್ನೆಲ್ಲ ಮೇಲೆತ್ತಿ ಕೊಟ್ಟ ಅವನಿಗೆ ಅಂಗೈಯಗಲ ಹೊಲವಿರಲಿಲ್ಲ.

ಯುದ್ಧದ ಕಾಲಕ್ಕೆ ಸರಕಾರ ರೈತರಿಂದ ಕಡ್ಡಾಯವಾಗಿ ಲೆವಿ ಜೋಳ ಎತ್ತತೊಡಗಿತು. ಅದು ರೇಷನ್ ಅಂಗಡಿಗೆ ಬಂದು ಹೊಲವಿಲ್ಲದವರ ಹೊಟ್ಟೆ ಸೇರಬೇಕು. ಎರಡು ಕೂರಿಗೆ ಹೊಲದವರು ಬೀಜದ ಜೋಳವನ್ನೂ ಅಳೆದುಕೊಟ್ಟರು. ಊರ ಗೌಡನಾದ ನನ್ನಪ್ಪ ಮಾತ್ರ ಕೊಟ್ಟಿಗೆಯ ಹಗೇವಿನ ಮೇಲೆ ಸಗಣಿ ಸಾರಿಸಿ, ಮೇವು ಒಟ್ಟಿಸಿ ಸುಮ್ಮನಾದ. ನಿಂಗಪ್ಪ ನಮ್ಮ ಮನೆಯ ಕಟ್ಟೆಯ ಕೆಳಗೆ ನಿಂತು ಕೇಳಿಯೇಬಿಟ್ಟ.

"ಗೌಡ್ರ, ಸಣ್ಣವ್ರು ಬೀಜ ಸುದ್ದಾ ಕೊಟ್ರು. ನಿಮ್ಮದು ಯಾವಾಗ್ರಿ?"

"ನನ್ನ ಹೊಲ, ನನ್ನ ಬೆವರು. ಯಾಕ ಕೊಡ್ಲಿ?"

"ಬೆವರು ನಮ್ಮದೂ ಐತ್ರಿ. ನಮ್ಮ ಓಣ್ಯಾಗ ಒಲಿ ಹೊತ್ತಿ ಮೂರು ದಿನಾ ಆತು."

ಅಪ್ಪ ಎದ್ದು ಒಳಗೆ ಹೋದ.

ಆಗ ನಾನು ತವರಿಗೆ ಬಂದಿದ್ದೆ. ಒಂದು ಮಧ್ಯಾಹ್ನ, ಲೆವಿ ಸಾಹೇಬರು ಸಂಜೆಗೆ ಬಂದು ಕೊಟ್ಟಿಗೆ ಅಗೆಸುತ್ತಾರೆಂದು ಸುದ್ದಿ ಬಂತು. ಅಷ್ಟರೊಳಗೆ ಜೋಳ ಊರು ದಾಟಬೇಕು. ಅಪ್ಪ ನಿಂಗಪ್ಪನನ್ನು ಕರೆಸಿ, "ಈಗ ಇಳಿ. ಎರಡು ಚೀಲ ನಿಮ್ಮ ಓಣಿಗೆ" ಎಂದ.

ಹಗೇವಿನ ಬಾಯಿ ತೆರೆದು ಗಳಿಗೆಯೂ ಆಗಿರಲಿಲ್ಲ. ಕಂದೀಲು ಹಚ್ಚಿಕೊಟ್ಟವಳು ನಾನೇ. ಅರ್ಧಕ್ಕೆ ಇಳಿದು ಅದು ಆರಿತು. ನಿಂಗಪ್ಪ ನನ್ನ ಮುಖ ನೋಡಿದ.

"ಗಾಳಿಗೆ ಆರೇತಿ, ಇಳಿ" ಎಂದ ಅಪ್ಪ. ಕೊಟ್ಟಿಗೆಯಲ್ಲಿ ಹುಲ್ಲುಕಡ್ಡಿ ಅಲುಗುವಷ್ಟೂ ಗಾಳಿಯಿರಲಿಲ್ಲ. ಆದರೂ ನಾನು ಬಾಯಿಬಿಡಲಿಲ್ಲ. ನೆನೆದರೆ ಇಂದಿಗೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

"ಎರಡು ಚೀಲ. ಮರೀಬ್ಯಾಡ್ರಿ ಯವ್ವಾ" ಎಂದು ನನಗೆ ಹೇಳಿ, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಅವನು ಇಳಿದ. ಕೂಗಿದರೆ ಓಗೊಡಲಿಲ್ಲ. ಎಳೆದಾಗ ಮೇಲೆ ಬಂದದ್ದು ಹೆಣ.

ನಿಂಗಪ್ಪನ ಮನೆಯವರ ಅಳು ಕೇಳಿ ಊರೇ ಕೂಡಿತು. ಹಗೇವು ಬಯಲಾಗಿ ಜೋಳವೆಲ್ಲ ಲೆವಿಗೆ ಹೋಯಿತು. ಅಪ್ಪನ ಗೌಡಕಿಗೆ ಕೂದಲೂ ಕೊಂಕಲಿಲ್ಲ.

ಮುಂದೆ ಕೆಲವು ದಿನಕ್ಕೆ ರೇಷನ್ ಅಂಗಡಿಯ ಮುಂದೆ ನಿಂಗಪ್ಪನ ಹೆಂಡತಿ ಫಕೀರವ್ವ ಎದುರಾದಳು. ಹಗೇವಿನ ಜೋಳಕ್ಕೊಂದು ಕಮಟು ವಾಸನೆ ಇರುತ್ತದೆ, ತೊಳೆದರೂ ಹೋಗುವುದಿಲ್ಲ. ಉಡಿಯಲ್ಲಿದ್ದ ರೇಷನ್ ಜೋಳದಿಂದ ಒಂದು ಹಿಡಿ ಎತ್ತಿ ಅವಳು ಮೂಗಿಗೆ ಹಿಡಿದಳು.

"ಅವ್ರ ಮೈಗೆ ದಿನಾ ಇದ ವಾಸ್ನಿ ಬರ್ತಿತ್ರಿ ಯವ್ವಾ" ಎಂದಳು. ಹಿಡಿಯನ್ನು ಉಡಿಗೇ ಹಾಕಿಕೊಂಡು, "ಹುಡುಗ್ರು ಉಪಾಸ ಅದಾವು, ರೊಟ್ಟಿ ಬಡಿಬೇಕು" ಎಂದು ಹೊರಟುಹೋದಳು.